ಕೊಟ್ಟಿಗೆ ಲೈಟ್ ಚಾರ್ಜ್ ಆಗದೆ ಹೋದ ಎಂಟು ದಿನ: ರಿಪೇರಿ ದಾಖಲೆ

ಲೈಟು ಈಗ ಉರಿಯುತ್ತಿದೆ, ಚಾರ್ಜೂ ಆಗುತ್ತಿದೆ. ಸರಿ ಮಾಡಲು ನಿಜವಾಗಿ ಬೇಕಾಗಿದ್ದು ಒಂದು ಗೇಣು ವೈರು ಮತ್ತು ಒಂದು ಸೆಲ್ ಹೋಲ್ಡರ್. ಅಷ್ಟು ಗೊತ್ತಾಗಲು ಎಂಟು ದಿನ ಹಿಡಿಯಿತು. ನಡುವೆ ಚೆನ್ನಾಗಿಯೇ ಇದ್ದ ಒಂದು ಚಾರ್ಜರ್ ಬೋರ್ಡನ್ನು ನಾನೇ ಹಾಳು ಮಾಡಿದೆ, ಮಲ್ಟಿಮೀಟರ್ ಪ್ರೋಬ್ ಒಂದನ್ನು ಸುಟ್ಟೆ. ಲಿಥಿಯಂ ಸೆಲ್ ಚಾರ್ಜ್ ಮಾಡುವ ಇದೇ ಟಿಪಿ4056 ಬೋರ್ಡ್ ಹಾಕಿಕೊಂಡು ಟಾರ್ಚು, ರೇಡಿಯೋ, ಎಮರ್ಜೆನ್ಸಿ ಲೈಟು ಮಾಡುವವರು ತುಂಬ ಜನ ಇದ್ದೀರಿ. ಅದಕ್ಕೇ ನೋಟ್‌ಬುಕ್‌ನಲ್ಲಿ ಗೀಚಿಟ್ಟಿದ್ದನ್ನು ದಿನದ ಲೆಕ್ಕದಲ್ಲಿ ಬರೆದಿದ್ದೇನೆ.

ನಮ್ಮದು ಹೊಸನಗರದ ಕಡೆ. ಜುಲೈ ಅಂದರೆ ಮಳೆ, ಗಾಳಿ, ಲೈನ್ ಮೇಲೆ ಮರ. ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಕೊಟ್ಟಿಗೆಗೆ ಅಂತಲೇ 2022ರಲ್ಲಿ ಈ ಲೈಟು ಮಾಡಿದ್ದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಎರಡು 18650 ಸೆಲ್ (ಬೆರಳುದ್ದದ ಲಿಥಿಯಂ ಸೆಲ್), ಪ್ಯಾರಲಲ್‌ನಲ್ಲಿ. ಒಂದೊಂದರ ಮೇಲೆ 2600 ಮಿಲಿ ಆಂಪ್ ಅವರ್ ಅಂತ ಬರೆದಿದೆ, ಹಳೆಯವು, ಈಗ ಅಷ್ಟು ಇರಲಾರದು. ಮೈಕ್ರೋ ಯುಎಸ್‌ಬಿ ಇರುವ ಟಿಪಿ4056 ಬೋರ್ಡ್, ಅದರಲ್ಲೇ ಸೆಲ್ ತೀರಾ ಖಾಲಿಯಾಗದಂತೆ ಕಾಯುವ ಡಿಡಬ್ಲ್ಯೂ01ಎ ಪ್ರೊಟೆಕ್ಷನ್ ಚಿಪ್ಪೂ ಇದೆ. ಮೂರು 1 ವ್ಯಾಟ್ ಬಿಳಿ ಎಲ್‌ಇಡಿ, ಒಂದೊಂದಕ್ಕೂ 3.3 ಓಮ್ ರೆಸಿಸ್ಟರ್. ಫುಲ್ ಚಾರ್ಜ್ ಇದ್ದಾಗ ಒಟ್ಟು ಸುಮಾರು 0.7 ಆಂಪಿಯರ್ ಎಳೆಯುತ್ತದೆ. ಇಷ್ಟನ್ನೂ ವೈರಿಂಗ್‌ಗೆ ಬಳಸುವ ಬಿಳಿ ಪ್ಲಾಸ್ಟಿಕ್ ಬಾಕ್ಸಿನಲ್ಲಿ ಕೂರಿಸಿ ಕೊಟ್ಟಿಗೆಯ ಕಂಬಕ್ಕೆ ಹೊಡೆದಿದ್ದೆ.

ಜುಲೈ 7, ಭಾನುವಾರ

ಬೆಳಿಗ್ಗೆ ಹಾಲು ಕರೆದು ಬಂದ ಅಮ್ಮ, "ಕೊಟ್ಟಿಗೆ ಲೈಟು ಎಂತಾಗಿದೆ ನೋಡೋ. ಹಣತೆಯಷ್ಟೂ ಬೆಳಕಿಲ್ಲ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೆ" ಅಂದರು. ಗಬ್ಬದ ಹಸು ಒಂದಿದೆ, ತಿಂಗಳ ಕೊನೆಗೆ ಕರು ಹಾಕಬೇಕು. ಲೈಟು ಬೇಕೇ ಬೇಕು.

ಬಾಕ್ಸ್ ಇಳಿಸಿ ಜಗಲಿಗೆ ತಂದು ಬಿಚ್ಚಿದೆ. ಸ್ವಿಚ್ ಹಾಕಿದರೆ ಮೂರೂ ಎಲ್‌ಇಡಿ ಕೆಂಡದ ಹಾಗೆ ಸಣ್ಣಗೆ ಮಿಣುಕುತ್ತವೆ. ಚಾರ್ಜರ್ ಚುಚ್ಚಿದರೆ ಬೋರ್ಡಿನ ನೀಲಿ ದೀಪ ತಕ್ಷಣ ಹತ್ತುತ್ತದೆ. ಅಂದರೆ 'ಚಾರ್ಜ್ ಮುಗಿಯಿತು'. ಚಾರ್ಜ್ ಆಗುವಾಗ ಉರಿಯುವ ಪಕ್ಕದ ಕೆಂಪು ದೀಪವೂ ಪೂರ್ತಿ ಆರಿಲ್ಲ, ತೀರಾ ಮಂಕಾಗಿ ಅದುರುತ್ತಿದೆ. ಈ ಅದುರುವಿಕೆಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ, ಆದರೆ ಅದಕ್ಕೆ ಬೆಲೆ ಕೊಡಲಿಲ್ಲ.

ಚಾರ್ಜರ್ ತೆಗೆದು ಅಳತೆ ಮಾಡಿದೆ:

ಸೆಲ್ ಮೇಲೆ ನೇರವಾಗಿ: 3.08 ವೋಲ್ಟ್
ಬೋರ್ಡಿನಲ್ಲಿ ಸೆಲ್ ಜೋಡಿಸುವ ಬಿ ಪ್ಲಸ್, ಬಿ ಮೈನಸ್ ಪ್ಯಾಡ್‌ಗಳ ಮೇಲೆ: 3.08 ವೋಲ್ಟ್
ಲೈಟಿಗೆ ಹೋಗುವ ಔಟ್ ಪ್ಲಸ್, ಔಟ್ ಮೈನಸ್: 3.07 ವೋಲ್ಟ್
ಚಾರ್ಜರ್ ಹಾಕಿ, ಇನ್‌ಪುಟ್ ಪ್ಯಾಡ್ ಮೇಲೆ: 5.02 ವೋಲ್ಟ್

ಲೆಕ್ಕ ಸುಲಭ ಅನ್ನಿಸಿತು. 5 ವೋಲ್ಟ್ ಬರುತ್ತಿದೆ. ಸೆಲ್‌ನಲ್ಲಿರುವಷ್ಟೇ ವೋಲ್ಟೇಜ್ ಬೋರ್ಡಿಗೂ ಮುಟ್ಟುತ್ತಿದೆ, ಹಾಗಾಗಿ ವೈರು ಸರಿ ಇದೆ. ಸೆಲ್ ಖಾಲಿ ಇದ್ದರೂ ನೀಲಿ ಹತ್ತುತ್ತಿದೆ, ಹಾಗಾಗಿ ಚಿಪ್ಪು ಸತ್ತಿದೆ.

ಈ ಮಾತಿನಲ್ಲಿ 'ವೈರು ಸರಿ ಇದೆ' ಅನ್ನುವುದೇ ತಪ್ಪು. ಚಾರ್ಜರ್ ಹಾಕದೆ, ಲೈಟೂ ಹಾಕದೆ ಅಳೆದಾಗ ವೈರಿನಲ್ಲಿ ಕರೆಂಟೇ ಹರಿಯುತ್ತಿರಲಿಲ್ಲ. ಮಲ್ಟಿಮೀಟರ್ ತೆಗೆದುಕೊಳ್ಳುವ ಕರೆಂಟು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಕೂದಲಿನಷ್ಟು ತಾಗಿಕೊಂಡಿದ್ದರೂ 3.08 ಅಂತಲೇ ತೋರಿಸುತ್ತದೆ. ಮುಂದಿನ ಒಂದು ವಾರ ದಾರಿ ತಪ್ಪಿದ್ದು ಈ ಒಂದು ಅಳತೆಯಿಂದ.

ಜುಲೈ 8, ರಾತ್ರಿ

ಮನೆಯಲ್ಲಿ ಬೇರೆ ಬೋರ್ಡ್ ಇರಲಿಲ್ಲ. ತಮ್ಮ ಬೆಂಗಳೂರಿನಲ್ಲಿದ್ದಾನೆ, ಶನಿವಾರ ಊರಿಗೆ ಬರುವವನಿದ್ದ. ಎಸ್.ಪಿ. ರೋಡಿನಿಂದ ಮೂರು ಬೋರ್ಡ್ ತರಲು ಹೇಳಿದೆ. ಅಷ್ಟರಲ್ಲಿ ಹಳೆಯದನ್ನು ಬಿಚ್ಚಿಟ್ಟಿರೋಣ ಅಂತ ಸೋಲ್ಡರಿಂಗ್ ಐರನ್ ಹಿಡಿದು ಕೂತೆ.

ಕರೆಂಟು ಬಂದು ಹೋಗಿ ಮಾಡುತ್ತಿತ್ತು. ಐರನ್ ಪೂರ್ತಿ ಕಾಯುವ ಮೊದಲೇ ಅವಸರ ಮಾಡಿದೆ. ಬಿ ಪ್ಲಸ್ ಕಡೆ ಸೋಲ್ಡರ್ ಅರ್ಧ ಕರಗಿತ್ತು, ವೈರ್ ಎಳೆದೆ. ತಾಮ್ರದ ಪ್ಯಾಡೇ ಬೋರ್ಡಿನಿಂದ ಎದ್ದು ವೈರಿನ ಜೊತೆ ಬಂತು. ಅವತ್ತು ಅದರ ಬಗ್ಗೆ ಬೇಜಾರು ಆಗಲಿಲ್ಲ, ಹೇಗೂ ಸತ್ತ ಬೋರ್ಡು ಅಂದುಕೊಂಡಿದ್ದೆ. ಅದು ಸತ್ತಿರಲಿಲ್ಲ.

ಅಮ್ಮ ಆ ವಾರ ಪೂರ್ತಿ ಒಂದು ಕೈಯಲ್ಲಿ ಮೊಬೈಲ್ ಬೆಳಕು ಹಿಡಿದುಕೊಂಡೇ ಕೊಟ್ಟಿಗೆಗೆ ಹೋದರು.

ಜುಲೈ 13, ಶನಿವಾರ

ತಮ್ಮ ಬಂದ. ಮೂರು ಬೋರ್ಡ್, ಒಂದಕ್ಕೆ 45 ರೂಪಾಯಿ. ಈ ಸಲ ಟೈಪ್ ಸಿ ಸಾಕೆಟ್ ಇರುವವು. ಮನೆಯ ಹೊಸ ಫೋನುಗಳ ಚಾರ್ಜರ್ ಎಲ್ಲಾ ಟೈಪ್ ಸಿ ಆಗಿದೆ, ಒಂದೇ ಕೇಬಲ್‌ನಲ್ಲಿ ಕೆಲಸ ಆಗಲಿ ಅಂತ ನಾನೇ ಹಾಗೆ ಹೇಳಿದ್ದೆ.

ಮೊದಲನೆಯದನ್ನು ಕೂರಿಸಿದೆ. ತಮ್ಮನ ಫೋನ್ ಚಾರ್ಜರ್ ಹಾಕಿದೆ, ಎರಡೂ ತುದಿ ಸಿ ಇರುವ ಕೇಬಲ್. ಏನೂ ಇಲ್ಲ. ಕೆಂಪೂ ಇಲ್ಲ, ನೀಲಿಯೂ ಇಲ್ಲ. ಕೇಬಲ್ ತಿರುಗಿಸಿ ಹಾಕಿದೆ, ಇಲ್ಲ. ಬೋರ್ಡೇ ಕೆಟ್ಟದ್ದು ಬಂದಿದೆ ಅಂತ ಎರಡನೆಯದನ್ನು ತೆಗೆದು, ಸೆಲ್ ಜೋಡಿಸದೆ ಸುಮ್ನೆ ಚಾರ್ಜರ್ ಮಾತ್ರ ಚುಚ್ಚಿದೆ. ಅದೂ ಹಾಗೇ.

"ಅಣ್ಣ, ಮೂರೂ ಕೆಟ್ಟದ್ದೇ ಕೊಟ್ಟಿರ್ತಾರಾ? ಒಳಗೆ 5 ವೋಲ್ಟ್ ಬರ್ತಿದೆಯಾ ನೋಡು" ಅಂದ ತಮ್ಮ. ನೋಡಿದೆ. ಇನ್‌ಪುಟ್ ಪ್ಯಾಡಿನ ಮೇಲೆ 0.00. ಅಂದರೆ ಚಾರ್ಜರೇ ಕೊಡುತ್ತಿಲ್ಲ. ಅದೇ ಚಾರ್ಜರಿಗೆ ಫೋನ್ ಹಾಕಿದರೆ ಚಾರ್ಜ್ ಆಗುತ್ತದೆ.

ಹಳೆಯ ಚಪ್ಪಟೆ ಯುಎಸ್‌ಬಿ ಚಾರ್ಜರಿಗೆ, ಒಂದು ತುದಿ ಚಪ್ಪಟೆ ಇನ್ನೊಂದು ತುದಿ ಸಿ ಇರುವ ಕೇಬಲ್ ಹಾಕಿ ನೋಡಿದೆ. ತಕ್ಷಣ 5.08 ವೋಲ್ಟ್ ಬಂತು, ಬೋರ್ಡಿನ ದೀಪವೂ ಹತ್ತಿತು.

ಕಾರಣ ಇಷ್ಟು. ಎರಡೂ ಕಡೆ ಸಿ ಇರುವ ಕೇಬಲ್‌ನಲ್ಲಿ ಚಾರ್ಜರ್ ಮೊದಲೇ 5 ವೋಲ್ಟ್ ಬಿಟ್ಟುಕೊಂಡು ಕೂತಿರುವುದಿಲ್ಲ. ಆ ತುದಿಯಲ್ಲಿ ಕರೆಂಟು ಬೇಕಾದವರು ಇದ್ದಾರಾ ಅಂತ ಸಿಸಿ ಅನ್ನುವ ಪಿನ್ ಮೂಲಕ ನೋಡುತ್ತದೆ. ಸಾಕೆಟ್ ಕಡೆ ಸಿಸಿ1, ಸಿಸಿ2 ಅಂತ ಎರಡು ಪಿನ್ ಇರುತ್ತವೆ, ಒಂದೊಂದರಿಂದಲೂ ನೆಲಕ್ಕೆ, ಅಂದರೆ ಗ್ರೌಂಡಿಗೆ, 5.1 ಕಿಲೋ ಓಮ್ ರೆಸಿಸ್ಟರ್ ಇರಬೇಕು. ಅದು ಕಂಡರೆ ಮಾತ್ರ ಚಾರ್ಜರ್ ಬಾಗಿಲು ತೆಗೆಯುತ್ತದೆ. ನನಗೆ ಬಂದ ಬೋರ್ಡುಗಳಲ್ಲಿ ಆ ಎರಡು ರೆಸಿಸ್ಟರ್ ಇರಲೇ ಇಲ್ಲ. ಚಪ್ಪಟೆ ಯುಎಸ್‌ಬಿ ಚಾರ್ಜರ್ ಈ ವಿಚಾರಣೆ ಮಾಡುವುದಿಲ್ಲ, ಯಾವಾಗಲೂ 5 ವೋಲ್ಟ್ ಇಟ್ಟುಕೊಂಡೇ ಇರುತ್ತದೆ.

ಇದನ್ನು ಆಮೇಲೆ ಸರಿ ಮಾಡೋಣ ಅಂತ ಬದಿಗಿಟ್ಟೆ. ಯಾಕೆಂದರೆ ಹಳೆಯ ಕೇಬಲ್ ಹಾಕಿದಾಗ ಸೆಲ್ ಜೋಡಿಸಿದ್ದ ಹೊಸ ಬೋರ್ಡಿನಲ್ಲಿ ಹತ್ತಿದ ದೀಪ ಯಾವುದು? ನೀಲಿ. ಪಕ್ಕದಲ್ಲಿ ಕೆಂಪು ಮಂಕಾಗಿ ಅದುರುತ್ತಿತ್ತು. ಭಾನುವಾರ ಕಂಡದ್ದೇ.

ಎರಡು ವರ್ಷ ಹಳೆಯ ಬೋರ್ಡಿಗೂ ಇವತ್ತು ಕವರ್ ಹರಿದು ತೆಗೆದ ಬೋರ್ಡಿಗೂ ಒಂದೇ ಕಾಯಿಲೆ ಬರಲು ಸಾಧ್ಯ ಇಲ್ಲ. ಬೋರ್ಡಿನಿಂದ ಕೈ ತೆಗೆದೆ. ರಾತ್ರಿ ಹನ್ನೊಂದೂವರೆ ಆಗಿತ್ತು.

ಜುಲೈ 14, ಭಾನುವಾರ ಬೆಳಿಗ್ಗೆ

ಸೆಲ್‌ಗೆ ಎಷ್ಟು ಕರೆಂಟು ಹೋಗುತ್ತಿದೆ ಅಂತ ನೋಡಬೇಕಿತ್ತು. ಮಲ್ಟಿಮೀಟರಿನ ಕೆಂಪು ಪ್ರೋಬನ್ನು 10 ಆಂಪಿಯರ್ ತೂತಿಗೆ ಹಾಕಿ, ಸೆಲ್‌ಗೆ ಹೋಗುವ ಕೆಂಪು ವೈರಿನ ನಡುವೆ ಜೋಡಿಸಿದೆ. 0.03 ಆಂಪಿಯರ್. ಬರಬೇಕಾದದ್ದು 1 ಆಂಪಿಯರ್ ಹತ್ತಿರ. ಅಂದರೆ ಬೋರ್ಡ್ ತಳ್ಳುತ್ತಿದೆ, ಎಲ್ಲೋ ತಡೆ ಇದೆ.

ಇಲ್ಲಿ ದೊಡ್ಡ ತಪ್ಪು ಮಾಡಿದೆ. ಮುಂದಿನ ಅಳತೆ ವೋಲ್ಟೇಜ್. ಗುಂಡಿಯನ್ನು ವೋಲ್ಟ್‌ಗೆ ತಿರುಗಿಸಿದೆ, ಪ್ರೋಬನ್ನು 10 ಆಂಪಿಯರ್ ತೂತಿನಿಂದ ತೆಗೆಯಲು ಮರೆತೆ. ಹಾಗೇ ಸೆಲ್‌ನ ಎರಡು ತುದಿಗೆ ಮುಟ್ಟಿಸಿದೆ. ಚಟ್ ಅಂತ ಕಿಡಿ ಹಾರಿತು. ಪ್ರೋಬಿನ ಚೂಪು ತುದಿ ಕರಗಿ ಮೊಂಡಾಯಿತು, ಸೆಲ್‌ನ ಮೇಲೆ ಕಪ್ಪು ಚುಕ್ಕೆ ಬಿತ್ತು. ಆ ತೂತಿನ ಹಿಂದೆ ಇರುವುದು ಒಂದು ದಪ್ಪ ತಂತಿ ಅಷ್ಟೇ, ಗುಂಡಿ ಎಲ್ಲಿದ್ದರೂ ಅದು ಶಾರ್ಟೇ. ಈ ಅಗ್ಗದ ಹಳದಿ ಮೀಟರಿನಲ್ಲಿ ಆ ತೂತಿಗೆ ಫ್ಯೂಸೂ ಇಲ್ಲ, ಪಕ್ಕದಲ್ಲೇ 'ಅನ್‌ಫ್ಯೂಸ್ಡ್' ಅಂತ ಬರೆದಿದೆ. ಲಿಥಿಯಂ ಸೆಲ್ ಖಾಲಿಯಾದ ಹಾಗೆ ಕಂಡರೂ ಶಾರ್ಟ್ ಆದಾಗ ಹತ್ತಾರು ಆಂಪಿಯರ್ ಕೊಡುತ್ತದೆ. ಸೆಲ್‌ಗಳನ್ನು ಅಂಗಳದ ಕಲ್ಲಿನ ಮೇಲೆ ಒಂದು ಗಂಟೆ ಇಟ್ಟು ಆಗಾಗ ಮುಟ್ಟಿ ನೋಡಿದೆ. ಬಿಸಿ ಏರಲಿಲ್ಲ, ವೋಲ್ಟೇಜ್ 3.06ರಲ್ಲಿ ನಿಂತಿತು. ಅದಾದ ಮೇಲೇ ಮುಂದಿನ ಕೆಲಸ.

ಈ ಬೋರ್ಡಿನಲ್ಲಿ ಕರೆಂಟು ನೋಡಲು ವೈರ್ ಕತ್ತರಿಸಿ ಮೀಟರ್ ಸೇರಿಸುವ ಅಗತ್ಯವೇ ಇಲ್ಲ ಅಂತ ಆಮೇಲೆ ಡೇಟಾಶೀಟ್, ಅಂದರೆ ಚಿಪ್ಪಿನ ವಿವರ ಪತ್ರ, ನೋಡಿದಾಗ ತಿಳಿಯಿತು. ಟಿಪಿ4056ರ ಎರಡನೇ ಪಿನ್ ಹೆಸರು ಪ್ರಾಗ್. ಅಲ್ಲಿಂದ ನೆಲಕ್ಕೆ 1.2 ಕಿಲೋ ಓಮ್ ರೆಸಿಸ್ಟರ್ ಇರುತ್ತದೆ, 1 ಆಂಪಿಯರ್ ಅಂತ ತೀರ್ಮಾನ ಮಾಡುವುದು ಅದೇ. ಆ ಪಿನ್ನಿನ ಮೇಲಿನ ವೋಲ್ಟೇಜ್ ಚಾರ್ಜಿಂಗ್ ಕರೆಂಟಿನ ಜೊತೆಗೇ ಏರಿಳಿಯುತ್ತದೆ. 1.2 ಕಿಲೋ ಓಮ್ ಇದ್ದಾಗ ಲೆಕ್ಕವೂ ಬೇಡ, 1 ವೋಲ್ಟ್ ಕಂಡರೆ 1 ಆಂಪಿಯರ್, 0.5 ಕಂಡರೆ ಅರ್ಧ. ಕಪ್ಪು ಪ್ರೋಬ್ ಇನ್‌ಪುಟ್ ಮೈನಸ್‌ಗೆ, ಕೆಂಪು ಪ್ರೋಬ್ ಎರಡನೇ ಪಿನ್ನಿಗೆ. ಚಿಪ್ಪಿನ ಚುಕ್ಕೆ ಇರುವ ಮೂಲೆ ಒಂದನೇ ಪಿನ್, ಅದರ ಪಕ್ಕದ್ದು ಎರಡು. ಪ್ರೋಬ್ ಜಾರಿ ಪಕ್ಕದ ಪಿನ್ನಿಗೆ ತಾಗದ ಹಾಗೆ ನೋಡಿಕೊಳ್ಳಿ. ರೆಸಿಸ್ಟರಿನ ಕಾಲಿಗೆ ಮುಟ್ಟಿಸುವುದು ಇನ್ನೂ ಸುಲಭ.

ನನ್ನ ಬೋರ್ಡಿನಲ್ಲಿ ಅಲ್ಲಿ 0.02ಕ್ಕೂ 0.04ಕ್ಕೂ ನಡುವೆ ಓಡಾಡುತ್ತಿತ್ತು. ಮೀಟರ್ ತೋರಿಸಿದ 0.03 ಆಂಪಿಯರ್‌ಗೆ ಸರಿಯಾಗಿ ಹೊಂದಿತು.

ಈಗ ಚಾರ್ಜರ್ ಹಾಕಿಯೇ ಇಟ್ಟು, ಮೊದಲ ದಿನ ಮಾಡಿದ್ದ ಅಳತೆಗಳನ್ನೇ ಮತ್ತೆ ಮಾಡಿದೆ:

ಬೋರ್ಡಿನ ಬಿ ಪ್ಲಸ್, ಬಿ ಮೈನಸ್ ನಡುವೆ: 4.1 ವೋಲ್ಟ್, ಸ್ವಲ್ಪ ಓಲಾಡುತ್ತಾ
ಸೆಲ್‌ನ ಮೈ ಮೇಲೆ ನೇರವಾಗಿ: 3.07 ವೋಲ್ಟ್

ಒಂದೇ ವೈರಿನ ಎರಡು ಕಡೆ ಒಂದು ವೋಲ್ಟ್ ವ್ಯತ್ಯಾಸ! ಇಷ್ಟು ಹೊತ್ತಿಗೆ ಎಲ್ಲಾ ಗೊತ್ತಾಯಿತು. ಬೋರ್ಡಿಗೆ ಕಾಣುತ್ತಿರುವುದು ಸೆಲ್ ಅಲ್ಲ, ತನ್ನದೇ 4.2 ವೋಲ್ಟ್. ಅದು 'ತುಂಬಿತು' ಅಂತ ನಿಲ್ಲಿಸುತ್ತದೆ, ವೋಲ್ಟೇಜ್ ಇಳಿಯುತ್ತದೆ, ಮತ್ತೆ ಶುರು ಮಾಡುತ್ತದೆ, ಮತ್ತೆ ನಿಲ್ಲಿಸುತ್ತದೆ. ಇದು ಕಣ್ಣಿಗೆ ಸಿಗದಷ್ಟು ಬೇಗ ನಡೆಯುತ್ತದೆ. ಕೆಂಪು ದೀಪದ ಆ ಮಂಕು ಅದುರುವಿಕೆ ಅದೇ. ಚಿಪ್ಪು ಮೊದಲ ದಿನವೇ ಹೇಳಿದ್ದನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಯಾವ ವೈರು? ಒಂದು ಪ್ರೋಬ್ ಸೆಲ್‌ನ ಪ್ಲಸ್ ಮೊಗ್ಗಿನ ಮೇಲೆ, ಇನ್ನೊಂದು ಬಿ ಪ್ಲಸ್ ಪ್ಯಾಡ್ ಮೇಲೆ: 0.00. ಕೆಂಪು ವೈರು ಸರಿ. ಒಂದು ಪ್ರೋಬ್ ಸೆಲ್‌ನ ತಳದ ಮೇಲೆ, ಇನ್ನೊಂದು ಬಿ ಮೈನಸ್ ಮೇಲೆ: 1.03 ವೋಲ್ಟ್. ಕಪ್ಪು ವೈರು! ಅದನ್ನೂ ತುಂಡು ತುಂಡಾಗಿ ನೋಡಿದೆ. ಸೆಲ್ ತಳದಿಂದ ಸ್ಪ್ರಿಂಗ್‌ಗೆ 0.01. ಸ್ಪ್ರಿಂಗ್‌ನಿಂದ, ರಿವೆಟ್ ಹತ್ತಿರ ವೈರ್ ಶುರುವಾಗುವ ಜಾಗಕ್ಕೆ 0.22. ಅಲ್ಲಿಂದ ಬಿ ಮೈನಸ್‌ಗೆ 0.80. ರಿವೆಟ್ ಸ್ವಲ್ಪ ಕೆಟ್ಟಿದೆ, ವೈರ್ ಪೂರ್ತಿ ಕೆಟ್ಟಿದೆ.

ವೈರ್ ಕತ್ತರಿಸಿ ತೆಗೆದು, ಬರಿ ಅದರ ರೆಸಿಸ್ಟೆನ್ಸ್ ಅಳೆದೆ. 30 ಓಮ್. ಅಲುಗಾಡಿಸಿದರೆ 12, ಮಡಚಿದರೆ 90, ಒಮ್ಮೊಮ್ಮೆ ಏನೂ ತೋರಿಸದು. ಗೇಣುದ್ದದ ತಾಮ್ರದ ವೈರಿನಲ್ಲಿ ಒಂದು ಓಮಿನ ಹತ್ತನೇ ಒಂದು ಭಾಗವೂ ಇರಬಾರದು.

ಹೊರಗಿನಿಂದ ಆ ವೈರು ಹೊಸದರ ಹಾಗೇ ಇತ್ತು. ಬ್ಲೇಡಿನಿಂದ ಮೇಲಿನ ಪ್ಲಾಸ್ಟಿಕ್ಕನ್ನು ಉದ್ದಕ್ಕೆ ಸೀಳಿದೆ. ಒಳಗೆ ತಾಮ್ರದ ಬಣ್ಣ ಎಲ್ಲೂ ಇಲ್ಲ. ಎಳೆಗಳು ಮಸಿ ಹಿಡಿದ ಬತ್ತಿಯ ಹಾಗೆ ಕಪ್ಪು. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ, ಎರಡು ಎಳೆ ಬೆರಳಲ್ಲೇ ಮುರಿದವು. ರಿವೆಟ್ ಸುತ್ತ ಹಸಿರು ಪುಡಿ, ಹಳೆಯ ತಾಮ್ರದ ಹಂಡೆಯ ಅಂಚಿಗೆ ಕಟ್ಟುವ ಕಿಲುಬಿನ ಹಾಗೆ.

ಇದು ಕೊಟ್ಟಿಗೆಯ ಕೆಲಸ. ಮಳೆಗಾಲದಲ್ಲಿ ಇರಚಲು ಹೊಡೆಯಬಾರದು ಅಂತ ಸುತ್ತಲೂ ತಟ್ಟಿ ಕಟ್ಟಿರುತ್ತೇವೆ. ಗಂಜಲದ ವಾಸನೆ ಬೆಳಿಗ್ಗೆ ಬಾಗಿಲು ತೆಗೆದರೆ ಕಣ್ಣಿಗೆ ಚುರ್ ಅನ್ನುತ್ತದೆ, ಅಲ್ವಾ? ಅದು ಅಮೋನಿಯ. ತಾಮ್ರ, ಹಿತ್ತಾಳೆ ಎರಡಕ್ಕೂ ಅದು ಆಗುವುದಿಲ್ಲ, ಅದರಲ್ಲೂ ತೇವ ಜೊತೆಗಿದ್ದರೆ. ನಾನು ಬಾಕ್ಸನ್ನು ಹೊಡೆದಿದ್ದ ಕಂಬ ಗಂಜಲದ ಕಾಲುವೆಯ ನೆತ್ತಿಗೇ ಇತ್ತು. ಕೇಬಲ್ ಬರಲು ಬಾಕ್ಸಿನ ತಳದಲ್ಲಿ ತೂತು ಕೊರೆದು ಹಾಗೇ ಬಿಟ್ಟಿದ್ದೆ. ಮಳೆ ನೀರು ಒಳಗೆ ಬರಬಾರದು ಅಂತ ಮೇಲಿನ ಮುಚ್ಚಳಕ್ಕೆ ಸಿಲಿಕೋನ್ ಹಚ್ಚಿದ್ದೆ, ಕೆಳಗಿನಿಂದ ಏಳುವ ಹಬೆಯ ಬಗ್ಗೆ ಯೋಚಿಸಿರಲೇ ಇಲ್ಲ. ಆ ತೂತಿಗೆ ಹತ್ತಿರ ಇದ್ದದ್ದು ಕಪ್ಪು ವೈರು. ಎದುರು ಮೂಲೆಯಲ್ಲಿದ್ದ ಕೆಂಪು ವೈರು ಉಳಿದುಕೊಂಡಿತು.

ಜುಲೈ 14, ಮಧ್ಯಾಹ್ನ

ಮೊದಲ ಪ್ರಯತ್ನ ಫೇಲ್. ಕೆಟ್ಟದ್ದನ್ನು ಪೂರ್ತಿ ಎಸೆಯುವ ಬದಲು ಹೋಲ್ಡರ್ ಉಳಿಸಿಕೊಳ್ಳೋಣ ಅಂತ ರಿವೆಟ್ ಜಾಗವನ್ನು ಮರಳು ಕಾಗದದಲ್ಲಿ ಉಜ್ಜಿ, ಹಳೆಯ ಟೇಬಲ್ ಫ್ಯಾನಿನಿಂದ ಕತ್ತರಿಸಿಟ್ಟಿದ್ದ ವೈರಿನ ತುಂಡನ್ನು ಸೋಲ್ಡರ್ ಮಾಡಿದೆ. ಸೋಲ್ಡರ್ ಹಿಡಿಯಲಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉಂಡೆ ಕಟ್ಟಿ ಉರುಳಿತು. ಸೋಲ್ಡರ್ ಹಿಡಿಯಲು ಹಚ್ಚುವ ಫ್ಲಕ್ಸ್ ಜಾಸ್ತಿ ಹಾಕಿ ಹೇಗೋ ಅಂಟಿಸಿದೆ.

ಚಾರ್ಜರ್ ಹಾಕಿದರೆ ಕೆಂಪು ದೀಪ, ಗಟ್ಟಿಯಾಗಿ, ಅದುರದೆ. ತಮ್ಮ "ಆಯ್ತು ಬಿಡು" ಅಂದ. ಹಳೆಯ ಅಭ್ಯಾಸದಲ್ಲಿ ಆಗಿದ್ದರೆ ಅಲ್ಲೇ ಮುಚ್ಚಳ ಹಾಕುತ್ತಿದ್ದೆ. ಪ್ರಾಗ್ ಪಿನ್ ನೋಡಿದೆ: 0.44. ಅರ್ಧಕ್ಕಿಂತ ಕಡಿಮೆ. ಹೊಸ ಜಾಯಿಂಟಿನ ಎರಡು ಬದಿಗೆ ಪ್ರೋಬ್ ಇಟ್ಟರೆ ಇನ್ನೂ ಒಂದು ವೋಲ್ಟ್ ಅಲ್ಲೇ ಕೂತಿದೆ. ಕೆಂಪು ದೀಪ ಹತ್ತಿದರೆ ಚಾರ್ಜ್ ಆಗುತ್ತಿದೆ ಅಂತ ಮಾತ್ರ ಅರ್ಥ, ಎಷ್ಟು ಅಂತ ಅದು ಹೇಳುವುದಿಲ್ಲ.

ಹೋಲ್ಡರ್ ಬಿಸಾಡಿದೆ. ತಮ್ಮ ಬೋರ್ಡಿನ ಜೊತೆ ತಂದಿದ್ದ ಎರಡು ಸೆಲ್ಲಿನ ಹೊಸ ಹೋಲ್ಡರ್ ಹಾಕಿದೆ, 50 ರೂಪಾಯಿ. ವೈರು ಈ ಸಲ ತವರ ಲೇಪನ ಇರುವ ಬಿಳಿ ಎಳೆಯದ್ದು, ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಒಂದು ಮೀಟರ್‌ಗೆ 30 ರೂಪಾಯಿ. ಎರಡು ತುದಿಯಲ್ಲೂ ಸೋಲ್ಡರ್ ಮಾಡಿದ ಮೇಲೆ ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್ ಏರಿಸಿದೆ. ವೈರಿನ ತುದಿಯಿಂದ ಹಬೆ ಪ್ಲಾಸ್ಟಿಕ್‌ನ ಒಳಗೆ ನುಗ್ಗಬಾರದು.

ಎಲ್ಲ ಜೋಡಿಸಿ ಲೈಟಿನ ಸ್ವಿಚ್ ಒತ್ತಿದರೆ ಹತ್ತಲಿಲ್ಲ. ಎದೆ ಒಮ್ಮೆ ಧಸಕ್ ಅಂತು. ಆದರೆ ಇದು ಈ ಬೋರ್ಡಿನ ಗುಣ. ಸೆಲ್ ತೆಗೆದು ಹಾಕಿದ ಮೇಲೆ ಪ್ರೊಟೆಕ್ಷನ್ ಚಿಪ್ಪು ಕೆಲವು ಸಲ ಔಟ್ ಮೈನಸ್ ಅನ್ನು ಮುಚ್ಚಿಯೇ ಇಟ್ಟಿರುತ್ತದೆ. ಒಂದು ಸಲ ಚಾರ್ಜರ್ ತೋರಿಸಿದರೆ ತೆರೆಯುತ್ತದೆ. ಎರಡು ಸೆಕೆಂಡ್ ಕೇಬಲ್ ಚುಚ್ಚಿ ತೆಗೆದೆ, ಲೈಟು ಹತ್ತಿತು. ಇದು ಗೊತ್ತಿಲ್ಲದೆ ಲೈಟಿನ ವೈರನ್ನು ಔಟ್ ಬದಲು ಬಿ ಪ್ಯಾಡಿಗೇ ಹಾಕುವವರಿದ್ದಾರೆ. ಆಗ ಹತ್ತುತ್ತದೆ ನಿಜ, ಆದರೆ ಸೆಲ್ 2.4 ವೋಲ್ಟಿಗೆ ಇಳಿದಾಗ ತಡೆಯುವವರು ಯಾರೂ ಇರುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ.

ಸಂಜೆ 7:30ಕ್ಕೆ ಚಾರ್ಜಿಗೆ ಇಟ್ಟೆ. ಪ್ರಾಗ್ ಪಿನ್ 0.94. ಕಪ್ಪು ವೈರಿನ ಎರಡು ತುದಿಯ ನಡುವೆ 0.02 ವೋಲ್ಟ್. ಚಿಪ್ಪು ಮುಟ್ಟಲಾಗದಷ್ಟು ಬಿಸಿ. ಅದು ಸಹಜ, 5 ವೋಲ್ಟಿನಲ್ಲಿ ಸೆಲ್‌ಗೆ ಬೇಡವಾದ ಅಷ್ಟೂ ಅಲ್ಲೇ ಬಿಸಿಯಾಗಿ ಹೋಗಬೇಕು. ಸೆಲ್ ಮಾತ್ರ ತಣ್ಣಗಿರಬೇಕು, ಇತ್ತು. ಮೊದಲ ಚಾರ್ಜ್ ಆದ್ದರಿಂದ ಒಳಗೆ ತರಲಿಲ್ಲ, ಜಗಲಿಯ ಕಲ್ಲಿನ ಮೇಲೆ, ಸುತ್ತ ಏನೂ ಇಲ್ಲದ ಹಾಗೆ ಇಟ್ಟೆ.

ಜುಲೈ 15

ಬೆಳಿಗ್ಗೆ 5:15ಕ್ಕೆ ಎದ್ದು ನೋಡಿದರೆ ಜಗಲಿಯಲ್ಲಿ ಬಾಕ್ಸ್ ಇಲ್ಲ. ಅಮ್ಮ ಕೊಟ್ಟಿಗೆಗೆ ತೆಗೆದುಕೊಂಡು ಹೋಗಿ, ಅಲ್ಲಿನ ಪ್ಲಗ್ಗಿಗೆ ಚಾರ್ಜರ್ ಚುಚ್ಚಿ, ಲೈಟೂ ಹಾಕಿಕೊಂಡು ಹಾಲು ಕರೆಯುತ್ತಿದ್ದರು. ಬೆಳಕು ಮೊದಲಿನ ಹಾಗೇ ಬೆಳ್ಳಗೆ ಬಿದ್ದಿತ್ತು. ಕೆಂಪು ದೀಪ ಮಾತ್ರ ಇನ್ನೂ ಉರಿಯುತ್ತಿತ್ತು. ಹತ್ತು ಗಂಟೆ ಆಗುತ್ತಾ ಬಂತು, ಮುಗಿದಿರಬೇಕಿತ್ತು.

ಇದು ಕೆಟ್ಟದ್ದಲ್ಲ. ಚಾರ್ಜ್ ಮಾಡುತ್ತಾ ಲೈಟು ಹಾಕಿದರೆ ಎಲ್‌ಇಡಿ ಎಳೆಯುವ ಕರೆಂಟನ್ನೂ ಚಿಪ್ಪು 'ಸೆಲ್ ಕುಡಿಯುತ್ತಿದೆ' ಅಂತಲೇ ಎಣಿಸುತ್ತದೆ. ಕರೆಂಟು 0.1 ಆಂಪಿಯರಿಗೆ ಇಳಿದರೆ ಮಾತ್ರ ಅದು ನಿಲ್ಲಿಸುವುದು. ಲೈಟು ಒಂದೇ 0.7 ಎಳೆಯುವಾಗ ಇಳಿಯುವುದು ಎಲ್ಲಿಂದ? ಲೈಟು ಆರಿಸಿದ ಮೇಲೆ 40 ನಿಮಿಷಕ್ಕೆ ನೀಲಿ ಬಂತು. ಸೆಲ್ ಮೇಲೆ 4.17 ವೋಲ್ಟ್. ಸ್ವಿಚ್ ಬದಲು, ಚಾರ್ಜರ್ ಹಾಕಿದಾಗ ಲೈಟು ತಾನೇ ಕಡಿದುಹೋಗುವ ವ್ಯವಸ್ಥೆ ಮಾಡಬಹುದು. ಅಮ್ಮನಿಗೆ ಕರೆಂಟು ಇದ್ದಾಗಲೂ ಈ ಲೈಟೇ ಇಷ್ಟ, ಹಾಗಾಗಿ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ಲೈಟು ಆರಿಸಿ ಚಾರ್ಜಿಗೆ ಬಿಡಿ ಅಂತ ಹೇಳಿದೆ.

ಅವತ್ತು ರಾತ್ರಿ ಪ್ಯಾಡ್ ಕಿತ್ತ ಹಳೆಯ ಬೋರ್ಡನ್ನು ಪರೀಕ್ಷೆ ಮಾಡಿದೆ. ಚಿಪ್ಪಿನ ಐದನೇ ಪಿನ್ ಬ್ಯಾಟರಿ ಪ್ಲಸ್. ಸಣ್ಣ ಎಳೆಯೊಂದನ್ನು ಅಲ್ಲಿಗೇ ಸೋಲ್ಡರ್ ಮಾಡಿ ಬೇರೊಂದು ಸೆಲ್ ಕೊಟ್ಟೆ. ಕೆಂಪು ದೀಪ, ಪ್ರಾಗ್ 0.97. ಪೂರ್ತಿ ಆರೋಗ್ಯವಾಗಿದೆ. ಅದನ್ನು ನೋಡಿ ನಿಜವಾಗಿ ಬೇಜಾರಾಯಿತು. ಜುಲೈ 7ರಂದು ಚಾರ್ಜರ್ ಹಾಕಿಕೊಂಡೇ ಸೆಲ್ ಮೇಲೆ ಒಂದು ಸಲ, ಪ್ಯಾಡ್ ಮೇಲೆ ಒಂದು ಸಲ ಪ್ರೋಬ್ ಇಟ್ಟಿದ್ದರೆ ಅರ್ಧ ನಿಮಿಷದ ಕೆಲಸ ಇದು.

ಜುಲೈ 21, ಭಾನುವಾರ

ಟೈಪ್ ಸಿ ಸಾಕೆಟ್ ಸರಿ ಮಾಡುವ ದಿನ. 5.1 ಕಿಲೋ ಓಮ್ ರೆಸಿಸ್ಟರ್ ಎರಡು ಬೇಕು. ಅಪ್ಪಯ್ಯನ ಹಳೆಯ ಟೇಪ್‌ರೆಕಾರ್ಡರಿನ ಬೋರ್ಡ್ ಅಟ್ಟದಲ್ಲಿತ್ತು. 5.1 ಕಿಲೋ ಓಮಿನ ಗುರುತಾದ ಹಸಿರು, ಕಂದು, ಕೆಂಪು ಪಟ್ಟಿ ಹುಡುಕಿದೆ. ಎರಡು ಸಿಕ್ಕವು. ಅಳೆದರೆ 5.06 ಮತ್ತು 5.13. ಸಾಕು.

ಈ ಬೋರ್ಡಿನ ಸಾಕೆಟ್ ಆರು ಪಿನ್ನಿನದು, ಬರಿ ಪವರ್‌ಗೆ ಅಂತಲೇ ಇರುವಂಥದ್ದು. ಸಾಲಾಗಿ ನೆಲ, 5 ವೋಲ್ಟ್, ಸಿಸಿ, ಸಿಸಿ, 5 ವೋಲ್ಟ್, ನೆಲ. ನಡುವಿನ ಎರಡು ನಮಗೆ ಬೇಕಾದ್ದು. ಅವುಗಳ ಅಕ್ಕಪಕ್ಕದಲ್ಲೇ 5 ವೋಲ್ಟ್ ಇದೆ ಅನ್ನುವುದು ನೆನಪಿರಲಿ, ಸೋಲ್ಡರ್ ಹರಿದು ಸೇರಿಕೊಂಡರೆ 5 ವೋಲ್ಟ್ ನೇರ ಸಿಸಿಗೆ ಹೋಗುತ್ತದೆ. ಐರನ್ನಿಗೆ ಚೂಪು ತುದಿ ಹಾಕಿದೆ, ಅಪ್ಪಯ್ಯನ ಪೇಪರ್ ಓದುವ ಭೂತಕನ್ನಡಿಯನ್ನು ಪುಸ್ತಕಗಳ ನಡುವೆ ನಿಲ್ಲಿಸಿಕೊಂಡೆ. ರೆಸಿಸ್ಟರಿನ ಕಾಲನ್ನು ಚಿಕ್ಕದಾಗಿ ಕತ್ತರಿಸಿ, ಮೊದಲೇ ಸೋಲ್ಡರ್ ಹಚ್ಚಿಕೊಂಡು, ಪಿನ್ನಿನ ಹಿಂಭಾಗಕ್ಕೆ ಮುಟ್ಟಿಸಿ ಐರನ್ ಒಂದು ಸೆಕೆಂಡ್ ಇಟ್ಟೆ. ಇನ್ನೊಂದು ಕಾಲು ಇನ್‌ಪುಟ್ ಮೈನಸ್ ಪ್ಯಾಡಿಗೆ.

ಒಂದು ರೆಸಿಸ್ಟರ್ ಹಾಕಿ ಪರೀಕ್ಷೆ ಮಾಡಿದೆ. ಎರಡೂ ಕಡೆ ಸಿ ಇರುವ ಕೇಬಲ್ ಹಾಕಿದರೆ ಕೆಂಪು ದೀಪ ಹತ್ತಿತು. ಕೇಬಲ್ ಮಗುಚಿ ಹಾಕಿದರೆ ಇಲ್ಲ. ಮತ್ತೆ ಮಗುಚಿದರೆ ಹತ್ತಿತು. ಕೇಬಲ್ ಒಳಗೆ ಸಿಸಿ ತಂತಿ ಇರುವುದು ಒಂದೇ, ಚುಚ್ಚಿದ ದಿಕ್ಕಿನ ಮೇಲೆ ಅದು ಸಾಕೆಟಿನ ಒಂದು ಸಿಸಿಗೆ ಮಾತ್ರ ತಾಗುತ್ತದೆ. ಎರಡನೆಯದನ್ನೂ ಹಾಕಿದೆ. ಈಗ ಹೇಗೆ ಚುಚ್ಚಿದರೂ ಸರಿ.

ಎರಡು ಸಿಸಿ ಪಿನ್ನನ್ನೂ ಒಟ್ಟಿಗೆ ಸೇರಿಸಿ ಒಂದೇ ರೆಸಿಸ್ಟರ್ ಹಾಕಿದರೆ ಕೆಲಸ ಸುಲಭ ಅನ್ನಿಸಬಹುದು. 2019ರಲ್ಲಿ ಬಂದ ರಾಸ್ಪ್‌ಬೆರಿ ಪೈ 4ರ ಮೊದಲ ಬೋರ್ಡುಗಳು ಹಾಗೇ ಇದ್ದವು, ಒಳಗೆ ಚಿಪ್ಪು ಇರುವ ದುಬಾರಿ ಕೇಬಲ್‌ಗಳಲ್ಲಿ ಅವು ಚಾಲೂ ಆಗುತ್ತಲೇ ಇರಲಿಲ್ಲ. ಆಮೇಲಿನ ಬೋರ್ಡಿನಲ್ಲಿ ಅದನ್ನು ಸರಿ ಮಾಡಿದರು. ಬೇರೆ ಬೇರೆ ಎರಡು ಹಾಕಿ.

'ದೊಡ್ಡ ಚಾರ್ಜರ್ 20 ವೋಲ್ಟ್ ಬಿಟ್ಟುಬಿಟ್ಟರೆ?' ಅಂತ ತಮ್ಮ ಫೋನಿನಲ್ಲಿ ಕೇಳಿದ. ಬರಿ ರೆಸಿಸ್ಟರ್ ಕಂಡರೆ ಚಾರ್ಜರ್ 5 ವೋಲ್ಟ್ ಮಾತ್ರ ಕೊಡುತ್ತದೆ. ಅದಕ್ಕಿಂತ ಮೇಲೆ ಬೇಕಾದರೆ ಈ ಕಡೆಯಿಂದ ಒಂದು ಚಿಪ್ಪು ಮಾತಾಡಿ ಕೇಳಬೇಕು, ನಮ್ಮಲ್ಲಿ ಅದಿಲ್ಲ. ಖಾತ್ರಿಗೆ ಅಳೆದೂ ನೋಡಿದೆ: 5.11.

ಅದೇ ದಿನ ಬಾಕ್ಸಿನ ಜಾಗ ಬದಲಿಸಿದೆ. ಗಂಜಲದ ಕಾಲುವೆಯಿಂದ ದೂರ, ಹುಲ್ಲು ಹಾಕುವ ಕಡೆಯ ಕಂಬಕ್ಕೆ, ತಲೆಯಿಂದ ಒಂದು ಮೊಳ ಮೇಲೆ. ಹಳೆಯ ತೂತು ಮುಚ್ಚಿ, ಪಕ್ಕದಲ್ಲಿ ಕೇಬಲ್ ಸುತ್ತ ಬಿಗಿಯಾಗಿ ಮುಚ್ಚುವ ಕೇಬಲ್ ಗ್ಲ್ಯಾಂಡ್ ಹಾಕಿದೆ, 25 ರೂಪಾಯಿ. ಸ್ಪ್ರಿಂಗ್, ರಿವೆಟ್, ಸೆಲ್ ತುದಿ ಎಲ್ಲದಕ್ಕೂ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿದೆ. ಲೋಹ ಲೋಹಕ್ಕೆ ಒತ್ತುವ ಕಡೆ ಅದು ತಾನೇ ಸರಿದು ದಾರಿ ಬಿಡುತ್ತದೆ, ಉಳಿದ ಕಡೆ ಹಬೆ ತಾಗದ ಹಾಗೆ ಕಾಯುತ್ತದೆ.

ಒಟ್ಟು ಖರ್ಚು 240 ರೂಪಾಯಿ. ಅದರಲ್ಲಿ 135 ಬೇಕಿಲ್ಲದ ಬೋರ್ಡುಗಳದ್ದು. ಪ್ರೋಬ್ ಇನ್ನೂ ತಂದಿಲ್ಲ, ಮೊಂಡು ತುದಿಯನ್ನು ಅರದಲ್ಲಿ ಚೂಪು ಮಾಡಿಕೊಂಡಿದ್ದೇನೆ.

ಸೆಲ್ ಬಗ್ಗೆ ಒಂದು ಮಾತು. ನನ್ನವು 3 ವೋಲ್ಟ್ ಮೇಲಿದ್ದವು, ಅದಕ್ಕೇ ಮತ್ತೆ ಬಳಸಿದೆ. ತಿಂಗಳುಗಟ್ಟಲೆ 2 ವೋಲ್ಟಿಗಿಂತ ಕೆಳಗೆ ಬಿದ್ದಿದ್ದ ಸೆಲ್ ಸಿಕ್ಕರೆ ಎಬ್ಬಿಸಲು ಹೋಗಬೇಡಿ. ಒಳಗೆ ತಾಮ್ರ ಕರಗಿ ಮತ್ತೆ ಬೇಡದ ಕಡೆ ಕೂರುತ್ತದೆ, ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗಬಹುದು. ಹುಲ್ಲು ತುಂಬಿದ ಕೊಟ್ಟಿಗೆಯಲ್ಲಿ ಇಡುವ ವಸ್ತು ಇದು. 9900 ಮಿಲಿ ಆಂಪ್ ಅವರ್ ಅಂತ ಬರೆದ ಅಗ್ಗದ ಸೆಲ್ಲೂ ಬೇಡ. ಈ ಅಳತೆಯ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದೇ ಇಲ್ಲ.

ಜುಲೈ 29, ರಾತ್ರಿ

ಸಂಜೆಯೇ ಗಾಳಿಗೆ ಕರೆಂಟು ಹೋಗಿತ್ತು. 11:15ಕ್ಕೆ ಅಮ್ಮ ಎಬ್ಬಿಸಿದರು, ಹಸು ಮಲಗಿ ಎದ್ದು ಮಾಡುತ್ತಿದೆ ಅಂತ. ಲೈಟು ಹಾಕಿದೆವು. 2:40ಕ್ಕೆ ಹೆಣ್ಣು ಕರು ಬಂತು. ಸತ್ತೆ, ಅಂದರೆ ಮಾಸು, ಬೀಳುವವರೆಗೂ ಕಾಯಬೇಕಲ್ಲ, ಲೈಟು 5 ಗಂಟೆಯವರೆಗೂ ಉರಿಯಿತು. ಕೊನೆಯ ಒಂದು ಗಂಟೆ ಬೆಳಕು ಸ್ವಲ್ಪ ಇಳಿದದ್ದು ಗೊತ್ತಾಗುತ್ತಿತ್ತು, ಆದರೂ ಕರುವಿನ ಮೂಗು, ಬಾಯಿ ಒರೆಸುವಾಗ ಮೊಬೈಲ್ ತೆಗೆಯಬೇಕಾಗಲಿಲ್ಲ.

ಬೆಳಗಾದ ಮೇಲೆ ಅಳೆದೆ. ಸೆಲ್ ಮೇಲೆ 3.55, ಬಿ ಪ್ಯಾಡ್ ಮೇಲೆ 3.55. ಆಮೇಲೆ ಲೈಟು ಹಾಕಿಯೇ ಮತ್ತೊಮ್ಮೆ ಅಳೆದೆ. ಕಪ್ಪು ವೈರಿನ ಎರಡು ತುದಿಯ ನಡುವೆ 0.01.